ಭೋಗಭೂಮಿ ಎಲ್ಲಿದೆ? ಎರಡು ದೇಶಗಳ ಬದುಕನ್ನು ತೂಗುವ ಬಗೆ

ಕನ್ನಡ ಪ್ರವಾಸಕಥನಗಳನ್ನು ಕುರಿತು ಈಚೆಗೆ ನಮ್ಮ ಕಾಲೇಜಿನ ತರಗತಿಯಲ್ಲಿ ವಿದ್ಯಾರ್ಥಿಗಳು ಪ್ರಬಂಧಗಳನ್ನು ಮಂಡಿಸಿದರು. ಒಬ್ಬ ವಿದ್ಯಾರ್ಥಿ ಅಮೆರಿಕ ಪ್ರವಾಸದ ಕೃತಿಗಳನ್ನು ಆರಿಸಿಕೊಂಡಿದ್ದ. ಬಿ.ಜಿ.ಎಲ್. ಸ್ವಾಮಿಯವರ ‘ಅಮೇರಿಕದಲ್ಲಿ ನಾನು’, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾಯಾತ್ರೆ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೇರಿಕದಲ್ಲಿ ಗೊರೂರು’ ಇವೆಲ್ಲವನ್ನೂ ಆತ ಶ್ರದ್ಧೆಯಿಂದ ಓದಿಕೊಂಡು ಬಂದಿದ್ದ. ಪ್ರಬಂಧದ ಕೊನೆಯಲ್ಲಿ ಅವನು ಕೊಟ್ಟ ತೀರ್ಮಾನ ಇಷ್ಟು: ಅಮೆರಿಕ ಭೋಗಭೂಮಿ, ಭಾರತ ಕರ್ಮಭೂಮಿ, ಅಲ್ಲಿ ಸೌಕರ್ಯವಿದೆ, ಇಲ್ಲಿ ಶಾಂತಿಯಿದೆ. ತರಗತಿ ಚಪ್ಪಾಳೆ ತಟ್ಟಿತು.

ಆ ಮಾತು ಅವನ ಸ್ವಂತದ್ದಲ್ಲ. ಪ್ರವಾಸಸಾಹಿತ್ಯವನ್ನು ಕುರಿತ ನಮ್ಮ ವಿಮರ್ಶೆಯಲ್ಲಿ ಅದು ಕೈಯಿಂದ ಕೈಗೆ ದಾಟಿ ಸವೆದುಹೋದ ನಾಣ್ಯ. ಇಪ್ಪತ್ತೈದು ವರ್ಷಗಳ ಹಿಂದೆ ಒಂದು ಅಭಿನಂದನ ಗ್ರಂಥಕ್ಕೆ ನಾನು ಬರೆದ ಲೇಖನದಲ್ಲಿಯೂ ಅದು ಹೆಚ್ಚುಕಡಿಮೆ ಇದೇ ರೂಪದಲ್ಲಿ ಅಚ್ಚಾಗಿದೆ. ಹೀಗಾಗಿ ಹುಡುಗನನ್ನು ಆಕ್ಷೇಪಿಸುವ ಧೈರ್ಯ ನನಗಾಗಲಿಲ್ಲ. ಆಕ್ಷೇಪ ಬಂದದ್ದು ಹಿಂದಿನ ಸಾಲಿನಿಂದ. ಮೆಣಸಿನಕಾಯಿ ಕೊಯ್ಲಿನ ದಿನಗಳಲ್ಲಿ ತರಗತಿಗೆ ಬಾರದೆ ಹಾಜರಾತಿ ಕಳೆದುಕೊಳ್ಳುವ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದಳು: “ಸಾರ್, ಹಂಗಾದ್ರೆ ಮೆಣಸಿನಕಾಯಿ ಬಿಡಿಸಾಕ ಹೋಗೋ ನಮ್ಮವ್ವ ಇರೋದು ಯಾವ ಭೂಮಿಯಾಗ?”

ಬಾದನಹಟ್ಟಿ ನನ್ನೂರು. ಕುರುಗೋಡು ಸೀಮೆಯ ಈ ಎರೆಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಹೆಂಗಸರನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಆ ಪ್ರಶ್ನೆಗೆ ಆ ಹೊತ್ತು ನನ್ನಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲಿಗೆ ಆ ಎರಡು ಪಾರಿಭಾಷಿಕ ಪದಗಳನ್ನು ಅವುಗಳ ತವರಿನಲ್ಲಿಯೇ ನೋಡಬೇಕು. ಪಂಪನ ‘ಆದಿಪುರಾಣ’ದಲ್ಲಿ ವಜ್ರಜಂಘ ಮತ್ತು ಶ್ರೀಮತಿ ಶಯ್ಯಾಗೃಹದಲ್ಲಿ ತುಂಬಿದ ಧೂಪದ ಹೊಗೆಗೆ ಸಿಲುಕಿ ಒಟ್ಟಿಗೆ ಸಾಯುತ್ತಾರೆ, ಮುನಿಗಳಿಗೆ ಮಾಡಿದ ಆಹಾರದಾನದ ಫಲವಾಗಿ ಭೋಗಭೂಮಿಯಲ್ಲಿ ದಂಪತಿಗಳಾಗಿಯೇ ಹುಟ್ಟುತ್ತಾರೆ. ಅಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳಿವೆ. ಭೋಜನಾಂಗ ಊಟವನ್ನು, ವಸ್ತ್ರಾಂಗ ಬಟ್ಟೆಯನ್ನು, ಗೃಹಾಂಗ ಮನೆಯನ್ನು, ದೀಪಾಂಗ ಬೆಳಕನ್ನು ಕೊಡುತ್ತದೆ. ರೋಗವಿಲ್ಲ, ದುಡಿಮೆಯಿಲ್ಲ. ಆದರೆ ವ್ರತಸಂಯಮಗಳಿಗೂ ಅಲ್ಲಿ ಎಡೆಯಿಲ್ಲ. ಮೋಕ್ಷ ದೊರೆಯುವುದು ಕರ್ಮಭೂಮಿಯಲ್ಲಿ ಮಾತ್ರ. ಕರ್ಮಭೂಮಿಯೆಂದರೆ ದುಡಿದು ಉಣ್ಣಬೇಕಾದ ನೆಲ. ಕಲ್ಪವೃಕ್ಷಗಳು ಬತ್ತತೊಡಗಿ ಹಸಿದ ಪ್ರಜೆಗಳು ಮೊರೆಯಿಟ್ಟಾಗ ಆದಿದೇವನು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ವೃತ್ತಿಗಳನ್ನು ಕಲಿಸಿದನೆಂಬುದು ಪುರಾಣದ ಕಥನ.

ಇಲ್ಲಿ ಎರಡು ಅಂಶಗಳು ನನ್ನ ಗಮನಕ್ಕೆ ಬರಬೇಕಾಗಿತ್ತು, ಬಂದಿರಲಿಲ್ಲ. ಒಂದು, ಭೋಗಭೂಮಿಗೂ ಕರ್ಮಭೂಮಿಗೂ ಇರುವ ವ್ಯತ್ಯಾಸ ಹಣದ್ದಲ್ಲ, ದುಡಿಮೆಯದು. ಎರಡು, ಇವು ಕೇವಲ ಸ್ಥಳಗಳಲ್ಲ. ಅವಸರ್ಪಿಣಿಯ ಮೊದಲ ಮೂರು ಕಾಲಗಳಲ್ಲಿ ಇದೇ ಭರತಕ್ಷೇತ್ರವೇ ಭೋಗಭೂಮಿಯಾಗಿತ್ತು. ಆಮೇಲೆ ಅದೇ ಮಣ್ಣು ಕರ್ಮಭೂಮಿಯಾಯಿತು. ಅಂದರೆ ಮಣ್ಣಿನ ಗುಣದಿಂದಲೋ ಜನರ ಜಾತಕದಿಂದಲೋ ಒಂದು ನಾಡು ಭೋಗಭೂಮಿ ಆಗುವುದಿಲ್ಲ. ನಾವು ‘ಭೋಗ’ವನ್ನು ಪಶ್ಚಿಮಕ್ಕೂ ‘ಕರ್ಮ’ವನ್ನು ಪೂರ್ವಕ್ಕೂ ಶಾಶ್ವತವಾಗಿ ಹಂಚಿಬಿಟ್ಟಿದ್ದೇವೆ. ಪದಗಳ ಅರ್ಥ ಕಾಲಾಂತರದಲ್ಲಿ ಬದಲಾಗುತ್ತದೆ, ಅದನ್ನು ತಡೆಯಲು ಯಾರಿಂದಲೂ ಆಗದು. ಆದರೆ ಹಳೆಯ ಅರ್ಥ ಇಷ್ಟು ಹರಿತವಾಗಿರುವಾಗ ಹೊಸ ಅರ್ಥವನ್ನು ಮೊಂಡುಮಾಡಿಕೊಂಡದ್ದು ನಮ್ಮ ನಷ್ಟ.

ಹಳೆಯ ಅರ್ಥವನ್ನಿಟ್ಟುಕೊಂಡು ಇಂದಿನ ಎರಡು ದೇಶಗಳನ್ನು ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅಮೆರಿಕದಲ್ಲಿರುವ ನಮ್ಮ ಬಂಧುಗಳು ಒಳ್ಳೆಯ ಸಂಬಳದವರು. ಆದರೂ ಪಾತ್ರೆ, ಬಟ್ಟೆ, ಶೌಚಾಲಯ, ಅಂಗಳದ ಹುಲ್ಲು ಎಲ್ಲವನ್ನೂ ಬಹುಮಟ್ಟಿಗೆ ತಾವೇ ನೋಡಿಕೊಳ್ಳುತ್ತಾರೆ. ಇಲ್ಲಿ ಅವರಿಗಿಂತ ಎಷ್ಟೋ ಕಡಿಮೆ ವರಮಾನವಿರುವ ನಾನು ಬೆಳಿಗ್ಗೆ ಏಳುವ ಹೊತ್ತಿಗೆ ಅಂಗಳ ಗುಡಿಸಿ ನೀರು ಹಾಕಿರುತ್ತದೆ, ಪಾತ್ರೆ ತೊಳೆದಿರುತ್ತದೆ. ನನ್ನ ಮನೆಯ ಕಲ್ಪವೃಕ್ಷಕ್ಕೆ ಕೈಕಾಲುಗಳಿವೆ. ಆರು ಗಂಟೆಗೆ ಹಿತ್ತಲ ಬಾಗಿಲಿನಿಂದ ಬಂದು ಏಳಕ್ಕೆ ಇನ್ನೊಂದು ಮನೆಗೆ ಹೋಗುತ್ತದೆ. ಪಂಪನ ಮಾತಿನಂತೆ ನಡೆದರೆ ಭೋಗಭೂಮಿಯಲ್ಲಿ ಇರುವವನು ನಾನೇ. ಶಾಂತಿ ಎಂದು ನಾನು ಬರೆದದ್ದು ಬಹುಶಃ ಈ ನಿಶ್ಶಬ್ದ ಸೇವೆಯನ್ನು.

ಎರಡು ನಾಡುಗಳ ಬದುಕನ್ನು ಹೋಲಿಸುವುದು ನಮಗೆ ವಿಮಾನ ಬಂದ ಮೇಲೆ ಹುಟ್ಟಿದ ಚಟವಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸುಮಾರು ಕ್ರಿ.ಶ. 600ರ ಒಂದು ಸಂಸ್ಕೃತ ಶಾಸನವಿದೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷಗಳ ವಿಷಮಕಾಲ ಬರಲಿದೆಯೆಂದು ನಿಮಿತ್ತದಿಂದ ತಿಳಿದು ಹೇಳಲು, ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದು ಅದು ತಿಳಿಸುತ್ತದೆ. ಇತಿಹಾಸಕಾರರು ಈ ಶಾಸನದಲ್ಲಿ ಚರ್ಚಿಸುವುದು ಯಾವ ಭದ್ರಬಾಹು, ಯಾವ ಚಂದ್ರಗುಪ್ತ ಎಂಬುದನ್ನು. ನನಗೆ ಕುತೂಹಲ ಹುಟ್ಟಿಸುವುದು ಆ ಸಂಘ ಬಂದು ಸೇರಿದ ನಾಡಿನ ವರ್ಣನೆ. ನೂರಾರು ಹಳ್ಳಿಗಳುಳ್ಳ ಆ ಜನಪದವನ್ನು ಬಣ್ಣಿಸುವಾಗ ಶಾಸನಕಾರ ಮೊದಲು ಹೇಳುವುದು ಸಂತೋಷದಿಂದಿರುವ ಜನರನ್ನು. ಆಮೇಲೆ ಧನ, ಚಿನ್ನ, ಬೆಳೆ. ಆಮೇಲೆ ಹಸು, ಎಮ್ಮೆ, ಆಡು, ಕುರಿ. ಬರಗಾಲದ ಭಯದಿಂದ ನಡೆದುಬಂದವರ ಕಣ್ಣು ಅದು. ಎರಡು ನಾಡುಗಳ ಜೀವನಮಟ್ಟದ ಹೋಲಿಕೆಯಾಗಿ ಕನ್ನಡ ನೆಲದಲ್ಲಿ ಇದಕ್ಕಿಂತ ಹಳೆಯದನ್ನು ನಾನು ಓದಿಲ್ಲ. ಆಡು–ಕುರಿಗಳನ್ನೂ ಲೆಕ್ಕಕ್ಕೆ ಹಿಡಿದಿರುವುದು ಅದರ ದೊಡ್ಡತನ. ಕಾಯುವವರು ಮಾತ್ರ ಅಲ್ಲಿಯೂ ಕಾಣುವುದಿಲ್ಲ.

ಪಂಪನೂ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯ ಒಳ್ಳೆಯ ಬದುಕಿಗೆ ಒಂದು ಪಟ್ಟಿ ಕೊಡುತ್ತಾನೆ. ದಾನ, ಅನುಭೋಗ, ವಿದ್ಯೆ, ಗಾನ, ಗೋಷ್ಠಿ ಅದರಲ್ಲಿವೆ. ಇಂದಿನ ಯಾವ ಸೂಚ್ಯಂಕವೂ ಗೋಷ್ಠಿಯನ್ನು ಅಳೆಯುವುದಿಲ್ಲ, ಪಾಪ. ಆದರೆ ಅದು ಪ್ರೀತಿಯ ಮಾತು, ತೂಗಿ ನೋಡಿದ ಮಾತಲ್ಲ. ತೂಗಿ ನೋಡಿದವರು ಬೇಕೆಂದರೆ ನಮಗೆ ಹತ್ತಿರದ ಹಂಪಿಗೆ ಬರಬೇಕು.

ಸುಮಾರು 1520ರಲ್ಲಿ ಕೃಷ್ಣದೇವರಾಯನ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಆ ಪಟ್ಟಣ ತನಗೆ ರೋಮಿನಷ್ಟು ದೊಡ್ಡದಾಗಿ ಕಂಡಿತೆಂದೂ ಲೋಕದಲ್ಲಿ ಇಷ್ಟು ಸಮೃದ್ಧವಾಗಿ ಸಾಮಗ್ರಿ ದೊರೆಯುವ ನಗರ ಬೇರೊಂದಿಲ್ಲವೆಂದೂ ಬರೆದ. ಅಕ್ಕಿ, ಗೋಧಿ, ಹೆಸರು, ಹುರುಳಿ, ಕೋಳಿ, ಹಣ್ಣು ಎಲ್ಲದರ ಅಗ್ಗತನವನ್ನು ಬೆರಗಿನಿಂದ ದಾಖಲಿಸಿದ. ಹೈಸ್ಕೂಲಿನಿಂದ ವಿಶ್ವವಿದ್ಯಾಲಯದವರೆಗೆ ನಾವು ಓದಿಸುವುದು ಇವನನ್ನು. ಆತನ ಬಳಿಕ ಸುಮಾರು ಹದಿನೈದು ವರ್ಷಕ್ಕೆ ಅದೇ ಪಟ್ಟಣದಿಂದ ಬರೆದ ಅದೇ ದೇಶದ ನೂನಿಜ್ ಬೇರೆಯದೇ ವಿಷಯ ಹೇಳುತ್ತಾನೆ. ಭೂಮಿಯನ್ನು ಹಿಡಿದವರ ದಬ್ಬಾಳಿಕೆಯಿಂದ ಸಾಮಾನ್ಯ ಜನ ಬಹಳ ಕಷ್ಟಪಡುತ್ತಾರೆ. ರೈತರು ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ತೆರುತ್ತಾರೆ, ಎಂದು. ಒಂಬತ್ತು ಪಾಲೆಂಬುದು ಉತ್ಪ್ರೇಕ್ಷೆಯಿದ್ದೀತು. ಒಂದು ಪಾಲಿನಲ್ಲಿ ಯಾವ ಒಕ್ಕಲಿಗ ಬದುಕಿಯಾನು? ಆದರೂ ದಿಕ್ಕು ಸರಿಯಾಗಿದೆ. ಪಯಸ್ ಕಂಡದ್ದು ಪೇಟೆಯನ್ನು, ನೂನಿಜ್ ವಿಚಾರಿಸಿದ್ದು ಪೇಟೆಗೆ ಮಾಲು ಎಲ್ಲಿಂದ ಬರುತ್ತದೆಂಬುದನ್ನು. ಧಾನ್ಯ ಅಗ್ಗವಾಗಿದ್ದುದಕ್ಕೂ ಒಕ್ಕಲಿಗ ಬಡವನಾಗಿದ್ದುದಕ್ಕೂ ಸಂಬಂಧವಿದ್ದಿರಬಹುದೆಂಬ ಸಂದೇಹ ನಮ್ಮ ಪಠ್ಯಪುಸ್ತಕಗಳಿಗೆ ಏಕೋ ಬರುವುದಿಲ್ಲ.

ನಮ್ಮ ಅಮೆರಿಕ ಪ್ರವಾಸಕಥನಗಳಲ್ಲಿ ಬಹುಪಾಲು ಪಯಸನ ಕಣ್ಣಿನವು. ಇದು ನಿಂದೆಯಲ್ಲ. ಮಕ್ಕಳ ಮನೆಗೋ ವಿಶ್ವವಿದ್ಯಾಲಯಕ್ಕೋ ಅತಿಥಿಯಾಗಿ ಹೋದವರಿಗೆ ಕಾಣುವುದು ರಸ್ತೆ, ಅಂಗಡಿ, ಗ್ರಂಥಾಲಯ, ನಲ್ಲಿಯ ಬಿಸಿನೀರು. ಆ ಅಂಗಡಿಯ ಹಣ್ಣುಗಳನ್ನು ಕ್ಯಾಲಿಫೋರ್ನಿಯದ ಬಿಸಿಲಿನಲ್ಲಿ ಕೀಳುವವರು ಕಾಣುವುದಿಲ್ಲ. ಅಮೆರಿಕದ ಹೊಲಗಳಲ್ಲಿ ಬೆಳೆ ಕೊಯ್ಯುವ ಕೂಲಿಕಾರರಲ್ಲಿ ಹೆಚ್ಚಿನವರು ಹೊರದೇಶಗಳಲ್ಲಿ, ಮುಖ್ಯವಾಗಿ ಮೆಕ್ಸಿಕೊದಲ್ಲಿ ಹುಟ್ಟಿದವರು. ಅನೇಕರಿಗೆ ಅಲ್ಲಿರಲು ಕಾನೂನಿನ ಕಾಗದವೂ ಇಲ್ಲ. ಅಡುಗೆಮನೆಯಲ್ಲಿ ಕಾಣದ ಕಲ್ಪವೃಕ್ಷ ಅಲ್ಲಿ ಹೊಲದಲ್ಲಿದೆ.

ಇನ್ನು ಅಂಕಿಸಂಖ್ಯೆಗಳ ಮಾತು. ದೇಶದೇಶಗಳನ್ನು ತಲಾ ಲೆಕ್ಕದಲ್ಲಿ ಹೋಲಿಸುವ ಪದ್ಧತಿ ನಮ್ಮಲ್ಲಿ ಶುರುವಾದದ್ದು ನಮ್ಮ ಜಿಲ್ಲೆಯ ಅತಿ ಕ್ರೂರ ವರ್ಷದಲ್ಲಿ. 1876ರಲ್ಲಿ ದಾದಾಭಾಯಿ ನವರೋಜಿ ‘ಭಾರತದ ಬಡತನ’ ಎಂಬ ಪ್ರಬಂಧವನ್ನು ಮುಂಬಯಿಯಲ್ಲಿ ಓದಿದರು. ಭಾರತೀಯನೊಬ್ಬನ ವರ್ಷದ ಸರಾಸರಿ ವರಮಾನ ಸುಮಾರು 20 ರೂಪಾಯಿ ಎಂದು ಲೆಕ್ಕಹಾಕಿ, ಅದನ್ನು ಸೆರೆಮನೆಯ ಕೈದಿಗೆ ತಗಲುವ ಅನ್ನ–ಬಟ್ಟೆಯ ಖರ್ಚಿನೊಡನೆ ಹೋಲಿಸಿ ತೋರಿಸಿದರು. ಇಂಗ್ಲೆಂಡಿನೊಡನೆ ಹೋಲಿಸಿದ್ದು ಎಲ್ಲರಿಗೂ ನೆನಪಿದೆ. ಕೈದಿಯೊಡನೆ ಹೋಲಿಸಿದ್ದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅದೇ ವರ್ಷ, ಧಾತು ಸಂವತ್ಸರದಲ್ಲಿ, ಮದ್ರಾಸು ಪ್ರಾಂತಕ್ಕೆ ಬರ ಬಿತ್ತು. ಅದು ಅತಿ ಹೆಚ್ಚು ಬಾಧಿಸಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರ ಜನವರಿ 1ರಂದು ದಿಲ್ಲಿಯ ದರಬಾರಿನಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದರು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್, ಬರಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಕಲ್ಲುಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆ ಸಾಕೆಂದು ಗೊತ್ತುಮಾಡಿದ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಅಷ್ಟರಿಂದ ದುಡಿಯುವ ದೇಹ ಉಳಿಯದೆಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಪಟ್ಟುಹಿಡಿದು ವಾದಿಸಿದ. ಕೆಲವು ತಿಂಗಳ ಮೇಲೆ ಕೂಲಿಯನ್ನು ಏರಿಸಬೇಕಾಯಿತು. ಅಷ್ಟರೊಳಗೆ ಸತ್ತವರು ಸತ್ತಿದ್ದರು. ಜೀವನಮಟ್ಟವೆಂಬ ಮಾತಿನ ತಳ ಎಲ್ಲಿದೆಯೆಂದು ತಿಳಿಯಬೇಕಾದ ಸಂಶೋಧಕರು ಟೆಂಪಲ್–ಕಾರ್ನಿಷ್ ವಾಗ್ವಾದವನ್ನು ಓದಬೇಕು. ವಿಲಿಯಂ ಡಿಗ್ಬಿ ಮರುವರ್ಷವೇ ಆ ಬರದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದ್ದಾನೆ.

ಎರಡು ‘ದೇಶ’ಗಳನ್ನು ನೋಡಲು ನಮ್ಮವರು ಕಡಲು ದಾಟಬೇಕಾಗಿರಲಿಲ್ಲ. ಸಿರುಗುಪ್ಪದ ಆಚೆ ತುಂಗಭದ್ರೆಯನ್ನು ದಾಟಿದರೆ ಸಾಕಿತ್ತು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಹೊಳೆಯ ಈ ದಡ ಮದ್ರಾಸಿನದು, ಆ ದಡದ ರಾಯಚೂರು ಸೀಮೆ ಹೈದರಾಬಾದಿನದು. ಒಂದೇ ಎರೆಮಣ್ಣು, ಒಂದೇ ಕನ್ನಡ, ಬೀಗತನ ನಡೆಯುವ ಅವವೇ ಮನೆತನಗಳು. ಕಾನೂನು, ಕಂದಾಯ, ನಾಣ್ಯ, ಕಚೇರಿಯ ಭಾಷೆ ಬೇರೆಬೇರೆ. ಈ ಕಡೆ ಮನ್ರೋ ತಂದ ರೈತವಾರಿ, ಆ ಕಡೆ ಜಹಗೀರುಗಳು ಮತ್ತು ಉರ್ದು ಕಲಿಕೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. 1956ರಲ್ಲಿ ರಾಯಚೂರೂ ಬಂದು ಎರಡು ದಡಗಳು ಒಂದೇ ರಾಜ್ಯವಾದವು. ಅಷ್ಟಾಗಿಯೂ ಅರ್ಧ ಶತಮಾನದ ಮೇಲೆ, 2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿಯ 27 ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರು 0.547ರೊಂದಿಗೆ ಕೊನೆಯಲ್ಲಿತ್ತು, ಬೆಂಗಳೂರು ನಗರ 0.753ರೊಂದಿಗೆ ಮೊದಲಲ್ಲಿತ್ತು. ಇವೆರಡರ ನಡುವಿನ ಅಂತರ ದೇಶದೇಶಗಳ ನಡುವಿನ ಅಂತರಕ್ಕೆ ಕಡಿಮೆಯೇನಲ್ಲ. ಎಲ್ಲಕ್ಕೂ ನಿಜಾಮನನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. 1956ರ ನಂತರದ ಐವತ್ತು ವರ್ಷ ನಮ್ಮದೇ ಆಗಿತ್ತಲ್ಲ!

ಈಗ ಹುಡುಗ ಹೋಲಿಸಿದ ದೇಶಗಳಿಗೆ ಮರಳೋಣ. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ 193 ದೇಶಗಳ ಪೈಕಿ ಅಮೆರಿಕ 17ನೆಯದು, ಭಾರತ 130ನೆಯದು. ಭಾರತದ ಅಂಕ 0.685. ಆಯುಷ್ಯ, ಶಿಕ್ಷಣ, ವರಮಾನ ಈ ಮೂರನ್ನು ಕೂಡಿಸಿ ನೋಡುವ ಈ ಅಳತೆಯನ್ನು 1990ರಲ್ಲಿ ರೂಪಿಸಿದವರು ಪಾಕಿಸ್ತಾನದ ಮಹಬೂಬ್ ಉಲ್ ಹಕ್. ನೆರವಾದವರು ಅವರ ಗೆಳೆಯ ಅಮರ್ತ್ಯ ಸೇನ್. ಇಂಥ ಒಂದೇ ಅಂಕಿಯ ಬಗ್ಗೆ ಸೇನರಿಗೆ ಮೊದಲು ಒಲವಿರಲಿಲ್ಲ ಎಂಬುದು ಪ್ರಸಿದ್ಧ. ಅವರ ಅಳುಕು ಎಷ್ಟು ಸರಿಯೆಂಬುದು ಅದೇ ವರದಿಯ ಇನ್ನೊಂದು ಕೋಷ್ಟಕದಲ್ಲಿ ಗೊತ್ತಾಗುತ್ತದೆ: ಅಸಮಾನತೆಯನ್ನು ಲೆಕ್ಕಕ್ಕೆ ಹಿಡಿದರೆ ಭಾರತದ ಅಂಕ ಶೇ. 30.7ರಷ್ಟು ಕುಸಿಯುತ್ತದೆ. ಮೊದಲ ಕೋಷ್ಟಕ ಪಯಸನದು, ಎರಡನೆಯದು ನೂನಿಜನದು.

ಹಿಂದಿನ ಸಾಲಿನ ಹುಡುಗಿಗಾಗಿ ನಾನೊಂದು ಸಣ್ಣ ಲೆಕ್ಕ ಮಾಡಿದೆ. ಅಮೆರಿಕದ ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲಿಯೇ ನಿಂತಿದೆ. ಎಂಟು ಗಂಟೆಗೆ 58 ಡಾಲರು. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ ಅಲ್ಲಿಯ ಕನಿಷ್ಠ ಕೂಲಿ ಇಲ್ಲಿಯದರ ಹದಿಮೂರು ಪಟ್ಟು. ಆದರೆ ಅಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ಇಲ್ಲಿ ಸುಮಾರು 20 ರೂಪಾಯಿಗೇ ಸಿಗುತ್ತದೆಂದು ಕೊಳ್ಳುವ ಶಕ್ತಿಯ ಲೆಕ್ಕ ಹೇಳುತ್ತದೆ. ಹಾಗೆ ನೋಡಿದರೆ ಅಂತರ ಮೂರು ಪಟ್ಟಿಗೆ ಇಳಿಯುತ್ತದೆ. ಹದಿಮೂರು ಎಂದು ಬೆರಗಾಗುವವರೂ ಇದ್ದಾರೆ, ಮೂರೇ ಎಂದು ಸಮಾಧಾನ ಪಡುವವರೂ ಇದ್ದಾರೆ. ನಾನು ಸಮಾಧಾನ ಪಡಲಾರೆ. ಆ ಇಪ್ಪತ್ತು ರೂಪಾಯಿಯ ಅಗ್ಗತನ ಆಕಾಶದಿಂದ ಇಳಿದದ್ದಲ್ಲ. ನಮ್ಮಲ್ಲಿ ಕ್ಷೌರ, ಅಡುಗೆ, ಕಸಗುಡಿಸುವುದು, ಹೊರೆ ಹೊರುವುದು ಅಗ್ಗವಾಗಿರುವುದರಿಂದಲೇ ನಮ್ಮ ರೂಪಾಯಿ ಬಲವಾಗಿ ಕಾಣುತ್ತದೆ. ಅಂದರೆ ಮೆಣಸಿನಕಾಯಿ ಬಿಡಿಸುವವಳ ಕೂಲಿ ಕಡಿಮೆಯಿರುವುದೇ ನನ್ನ ಸಂಬಳದ ಕೊಳ್ಳುವ ಶಕ್ತಿಯನ್ನು ಹೆಚ್ಚಿಸಿದೆ. ಇಲ್ಲಿ ಬೆಳೆದ ಕಾಯಿ ಲಾರಿಯೇರಿ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಪುಡಿಯಾಗಿ ಎಣ್ಣೆಯಾಗಿ ಕಡಲಾಚೆಗೂ ಹೋಗುತ್ತದೆ. ಹೋದಲ್ಲೆಲ್ಲ ಅದಕ್ಕೆ ಬೆಲೆ ಏರುತ್ತದೆ, ಬಿಡಿಸಿದ ಕೈಯೊಂದನ್ನು ಬಿಟ್ಟು.

ಇದರಿಂದ ಅಮೆರಿಕ ಒಳ್ಳೆಯದು, ಭಾರತ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕಾಯಿಲೆ ಬಿದ್ದರೆ ಆಸ್ಪತ್ರೆಯ ಬಿಲ್ಲಿಗೆ ಬೆದರುವವರು ಅಲ್ಲಿಯೂ ಇದ್ದಾರೆ. ನೆರೆಯವರು ಕೇಳದೆಯೇ ರೊಟ್ಟಿ ತಂದಿಡುವ ಓಣಿಗಳು ಇಲ್ಲಿ ಇನ್ನೂ ಇವೆ, ಬಾದನಹಟ್ಟಿಯಲ್ಲಂತೂ ಇವೆ. ನನ್ನ ತಕರಾರು ತೂಕದ ಬಟ್ಟನ್ನು ಕುರಿತದ್ದು. ಎರಡು ದೇಶಗಳ ಅಧ್ಯಾಪಕರನ್ನು ಎದುರುಬದುರು ಕೂರಿಸಿ ಮಾಡಿದ ತುಲನೆಯನ್ನು ನಾವು ಎರಡು ದೇಶಗಳ ತುಲನೆ ಎಂದು ಕರೆದಿದ್ದೇವೆ. ಸಾಹಿತ್ಯದ ವಿದ್ಯಾರ್ಥಿಗಳು ಪ್ರವಾಸಕಥನಗಳನ್ನು ಓದುವಾಗ ಶೈಲಿ, ಹಾಸ್ಯ, ವರ್ಣನೆಗಳ ಜೊತೆಗೆ ಲೇಖಕನು ಯಾರ ಮನೆಯಲ್ಲಿ ಇಳಿದುಕೊಂಡಿದ್ದ, ಅವನ ತಟ್ಟೆಯನ್ನು ಯಾರು ತೊಳೆದರು, ತವರಿನಲ್ಲಿ ಯಾರು ತೊಳೆಯುತ್ತಿದ್ದರು ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಒಬ್ಬ ಸಂಶೋಧಕನ ಮಹಾಪ್ರಬಂಧಕ್ಕೆ ಸಾಕಾಗುವಷ್ಟು ಸಾಮಗ್ರಿ ಇದರಲ್ಲಿದೆ.

ನನ್ನ ಹಳೆಯ ಲೇಖನ ಮುಂದೆ ಎಲ್ಲಾದರೂ ಮರುಮುದ್ರಣವಾದರೆ ಆ ಒಂದು ವಾಕ್ಯವನ್ನು ತೆಗೆಯಬೇಕೆಂದು ಸಂಪಾದಕರಿಗೆ ಬರೆದಿದ್ದೇನೆ. ಹುಡುಗನಿಗೆ ಪ್ರಬಂಧವನ್ನು ಹಿಂದಿರುಗಿಸಿ, ಕೊನೆಯ ಪುಟವನ್ನು ಹೊಸದಾಗಿ ಬರೆದು ತರಲು ಹೇಳಿದ್ದೇನೆ. ಪ್ರಶ್ನೆ ಕೇಳಿದ ಹುಡುಗಿಗೆ, ಅವಳ ತಾಯಿಯ ಒಂದು ದಿನವನ್ನು ನಸುಕಿನಿಂದ ರಾತ್ರಿಯವರೆಗೆ ಬರೆದುಕೊಡಲು ಕೇಳಿದ್ದೇನೆ. ಅವನು ಎರಡೇ ದಿನದಲ್ಲಿ ತಂದುಕೊಟ್ಟ. ಅವಳು ಕೊಯ್ಲು ಮುಗಿಯುವತನಕ ಸಮಯ ಕೇಳಿದ್ದಾಳೆ.